ಮಠದ ತೋಟದ ಮೇಲೆ ಹಾದ ತಂತಿ

ಗಂಟಲಿನ ಶಸ್ತ್ರಚಿಕಿತ್ಸೆಗೆ ಮೊದಲು, ಅಪ್ಪನ ದನಿಯಲ್ಲಿ ಸ್ವಲ್ಪವನ್ನಾದರೂ ಉಳಿಸಬಹುದೇನೋ ಎಂದು ಡಾಕ್ಟರು ಹೇಳಿದ್ದರು. ಮುಗಿದ ಮೇಲೆ ನನ್ನನ್ನು ಹೊರಗೆ ಕರೆದು, "ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಾಯ್ತು ಕಣಮ್ಮ. ಜೀವಕ್ಕೆ ಭಯ ಇಲ್ಲ. ಆದ್ರೆ ಮಾತು ಬರಲ್ಲ. ನೀನೇ ನಿಧಾನವಾಗಿ ತಿಳಿಸು" ಎಂದರು. ಹೇಗೆ ತಿಳಿಸುವುದೆಂದು ನಾನು ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಅಪ್ಪ ಕೈಸನ್ನೆ ಮಾಡಿ ಪೆನ್ನು ಕೇಳಿದರು. ಔಷಧಿ ಚೀಟಿಯ ಬೆನ್ನಿಗೆ, ಮಲಗಿದ್ದಲ್ಲೇ, ಒಂದಕ್ಷರವೂ ಸೊಟ್ಟಗಾಗದಂತೆ ಬರೆದರು: "ಸದರಿ ವ್ಯಕ್ತಿಗೆ ಇನ್ನು ಮುಂದೆ ಮಾತು ಬರುವುದಿಲ್ಲವೆಂದು ತಿಳಿದುಬಂದಿರುತ್ತದೆ. ಈ ಬಗ್ಗೆ ಮಗಳು ಮನಸ್ಸಿಗೆ ಹಚ್ಚಿಕೊಳ್ಳತಕ್ಕದ್ದಲ್ಲ."

ಅಪ್ಪ ಪತ್ರಬರಹಗಾರರಾಗಿದ್ದರು. ಮೈಸೂರಿನ ನೋಂದಣಿ ಕಚೇರಿಯ ಜಗಲಿಯಲ್ಲಿ ಒಂದು ಮೇಜು, ಒಂದು ಕನ್ನಡ ಟೈಪ್‌ರೈಟರ್ ಇಟ್ಟುಕೊಂಡು ಊರವರ ಮನೆ, ಸೈಟು, ಗದ್ದೆಗಳ ಕ್ರಯಪತ್ರ ಬರೆದು ಬದುಕಿದವರು. ಹೀಗಾಗಿ ಬರವಣಿಗೆಗೆ ಕೂತರೆ ಸಾಕು, ಕೈ ತಾನಾಗಿ ದಸ್ತಾವೇಜಿನ ದಾರಿ ಹಿಡಿಯುತ್ತಿತ್ತು. ಅಮ್ಮ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದಳು. ಅವಳ ಶಿವಗಣಾರಾಧನೆಯ ಸಾಮಾನಿನ ಪಟ್ಟಿಯಲ್ಲೂ ಅಪ್ಪ "ಮೇಲ್ಕಂಡ ಬಾಳೆಎಲೆಗಳು" ಎಂದು ಬರೆದಿದ್ದು ನನಗೆ ನೆನಪಿದೆ.

ಅವರ ಮೇಜಿನ ಪಕ್ಕದ ಮೇಜು ಇಂಗ್ಲಿಷ್ ಟೈಪಿಸ್ಟರದು. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ಅವರದು ಮೈಸೂರಿನಲ್ಲೇ ತಲೆಮಾರುಗಳಿಂದ ನೆಲೆಸಿದ ಕ್ಯಾಥೊಲಿಕ್ ಕುಟುಂಬ. ಬೆಳಿಗ್ಗೆ ಅಪ್ಪ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಇಟ್ಟುಕೊಂಡು ಬರುವ ಹೊತ್ತಿಗೆ ಅವರು ಚರ್ಚಿಗೆ ಹೋಗಿ ಬಂದು ಮೇಜು ಒರೆಸುತ್ತಿರುತ್ತಿದ್ದರು. ಆಮೇಲೆ ಸಂಜೆ ಐದೂವರೆಯವರೆಗೆ ಇಬ್ಬರ ಕೈಯೂ ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ನಾನು ಬಿ.ಎಡ್. ಓದುವಾಗ ಎಷ್ಟೋ ಸಲ ಬಸ್ಸಿಗೆ ಕಾಯುವ ನೆಪದಲ್ಲಿ ಆ ಜಗಲಿಯಲ್ಲಿ ಕೂತು ಅವರ ಮಾತು ಕೇಳಿದ್ದೇನೆ. ಘನವಾದ ವಿಷಯ ಯಾವುದೂ ಇರುತ್ತಿರಲಿಲ್ಲ. ನಂಜನಗೂಡು ರಸಬಾಳೆ ಈಗ ಮೊದಲಿನ ಹಾಗಿದೆಯೇ, ಸೀಮೆಎಣ್ಣೆ ಸ್ಟವ್ ಒಳ್ಳೆಯದೋ ಗ್ಯಾಸೋ, ನಿನ್ನೆ ಬಂದ ಪಾರ್ಟಿಯ ಕಡೆಯವನು ಸುಳ್ಳು ಸಾಕ್ಷಿಯೋ ನಿಜವೋ, ಇಂಥವೇ.

ಶಸ್ತ್ರಚಿಕಿತ್ಸೆಯಾದ ವರ್ಷವೇ ನನಗೆ ಹಳ್ಳಿಯ ಹೈಸ್ಕೂಲಿಗೆ ವರ್ಗವಾಯಿತು. ಮೈಸೂರಿನಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಪ್ಪನ ಕತ್ತಿನ ಬುಡದಲ್ಲಿ ಈಗ ಉಸಿರಾಡಲು ಒಂದು ತೂತು, ಅದರ ಮೇಲೆ ಬಿಳಿ ಹತ್ತಿ ಬಟ್ಟೆಯ ಪರದೆ. ಲಿಂಗದ ಕರಡಿಗೆಯ ದಾರ ಅದಕ್ಕೆ ತಾಗಬಾರದೆಂದು ಭುಜದ ಮೇಲಿಂದ ಅಡ್ಡ ಹಾಕಿಕೊಳ್ಳುತ್ತಿದ್ದರು. ಧೂಳಾಗದು, ಹೊಗೆಯಾಗದು. ಅವರೊಬ್ಬರನ್ನೇ ಸಿದ್ಧಾರ್ಥನಗರದ ಬಾಡಿಗೆ ಮನೆಯಲ್ಲಿ ಬಿಟ್ಟು ದಿನಾ ಓಡಾಡುವ ಧೈರ್ಯ ನನಗಿರಲಿಲ್ಲ. ಶಾಲೆಯ ಹಿಂದೆ ಮೂರು ಕೋಣೆಯ ಮನೆ ಸಿಕ್ಕಿತು. ಅಪ್ಪ ಅದರ ಸುತ್ತ ಒಂದು ಸುತ್ತು ಹಾಕಿ, ನಾಲ್ಕು ದಿಕ್ಕಿಗೂ ಏನೇನಿದೆ ಎಂದು ಚಕ್ಕುಬಂದಿ ಬರೆದುಕೊಂಡು, ಒಪ್ಪಿಗೆ ಎಂದು ತಲೆಯಾಡಿಸಿದರು. ಮನೆಯಲ್ಲಿ ಹಿಂದಿನವರು ಹಾಕಿಸಿದ್ದ ಟೆಲಿಫೋನ್ ಇತ್ತು. ಅದನ್ನೇ ನನ್ನ ಹೆಸರಿಗೆ ಮಾಡಿಸಿಕೊಂಡೆ.

ಅಂಕಲ್ ಬಂದು ನೋಡುವಂತಿರಲಿಲ್ಲ. ಅವರ ಹೆಂಡತಿ, ನನ್ನ ಆಂಟಿ, ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ಅಂಕಲ್ ಟೈಪಿಂಗ್ ಬಿಟ್ಟು ಮನೆಯ ಮುಂದಿನ ಕೋಣೆಯಲ್ಲಿ ಮಗಳಿಗೊಂದು ಡಿಟಿಪಿ ಅಂಗಡಿ ಹಾಕಿಕೊಟ್ಟು, ತಾವು ಹೆಂಡತಿಯ ಪಕ್ಕದಲ್ಲಿ ಕೂತಿರುತ್ತಿದ್ದರು. ಭಾನುವಾರದ ಪೂಜೆಗೆ ಹೋಗುವುದನ್ನು ಬಿಟ್ಟರೆ ಮನೆ ಬಿಟ್ಟು ಕದಲುತ್ತಿರಲಿಲ್ಲ. ಆದರೆ ಪ್ರತಿದಿನ ಸಂಜೆ ಆರಕ್ಕೆ ಫೋನ್ ಮಾಡುತ್ತಿದ್ದರು. ಅಪ್ಪ ರಿಸೀವರನ್ನು ಕಿವಿಗೆ ಹಿಡಿದು, ಬೆರಳಿನ ಗೆಣ್ಣಿನಿಂದ ಅದರ ಬಾಯಿಗೆ ಕುಟ್ಟುತ್ತಿದ್ದರು. ಒಂದು ಸಲ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಇಲ್ಲ. ಅಂಕಲ್ ಕೇಳುತ್ತಾ ಹೋಗುವುದು, ಇವರು ಕುಟ್ಟುತ್ತಾ ಹೋಗುವುದು. ಒಮ್ಮೊಮ್ಮೆ ನಗು ಬಂದಾಗ ಅಪ್ಪ ಪಟಪಟನೆ ಐದಾರು ಸಲ ಕುಟ್ಟುತ್ತಿದ್ದರು. ಅದು ನಗು ಎಂದು ಅಂಕಲ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಂದು ಸಂಜೆ ನಾನು ಅಡುಗೆಮನೆಯಲ್ಲಿದ್ದೆ. ಅಂಕಲ್‌ರ ಗಟ್ಟಿ ದನಿ ರಿಸೀವರಿನಿಂದ ನನ್ನವರೆಗೂ ಕೇಳುತ್ತಿತ್ತು. "ಊಟ, ನಿದ್ದೆ ಎಲ್ಲಾ ಸರಿ ಕಣಯ್ಯಾ, ದಿನಾ ಅದನ್ನೇ ಕೇಳ್ತೀನಿ. ಒಳಗೆ ಹೆಂಗಿದ್ದೀಯಾ ನೀನು? ನಿಜ ಹೇಳು." ಕುಟ್ಟುವ ಸದ್ದು ಬರಲಿಲ್ಲ. "ಯಾಕಯ್ಯಾ, ಲೈನ್‌ನಲ್ಲಿದ್ದೀಯೋ ಇಲ್ವೋ?" ನಾನು ಇಣುಕಿ ನೋಡಿದೆ. ಅಪ್ಪನ ಬೆರಳು ಮಡಿಸಿಕೊಂಡೇ ಇತ್ತು. ಆಮೇಲೆ ರಿಸೀವರನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟು ಹಿತ್ತಿಲಿಗೆ ಹೋದರು.

ಮಾರನೆಯ ದಿನದಿಂದ ಫೋನ್ ಮುಟ್ಟಲಿಲ್ಲ. ಅಂಕಲ್ ಕರೆದಾಗ ನಾನೇ ಎತ್ತಿ ಏನೋ ಒಂದು ಹೇಳುತ್ತಿದ್ದೆ. "ಕಾಗದ ಬರೀರಿ ಅಪ್ಪಾ" ಎಂದೆ. ಅಪ್ಪ ಬರೆದರು. ಅದು ಮೈಸೂರು ಸೇರಲು ಮೂರು ದಿನ, ಅಂಕಲ್ ಬಿಡುವು ಮಾಡಿಕೊಂಡು ಉತ್ತರ ಬರೆದು ಅದು ಬರಲು ಇನ್ನೊಂದು ವಾರ. ಎರಡು ಕಾಗದಗಳಾದ ಮೇಲೆ ಅಪ್ಪ ತಮ್ಮ ನೋಟುಬುಕ್ಕಿನಲ್ಲಿ ಬರೆದು ತೋರಿಸಿದರು: "ಇದು ಮಾತಲ್ಲ, ಪತ್ರವ್ಯವಹಾರ."

ಅಂಕಲ್‌ರ ಮಗಳು ಅಂಗಡಿಗೆ ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ನಾನು ತೆಗೆದುಕೊಂಡು ಬಂದೆ. ಅದರಲ್ಲಿ ಟೈಪ್‌ರೈಟರಿನ ಕೀಲಿಮಣೆಯಂತೆಯೇ ಕನ್ನಡ ಹೊಡೆಯುವ ಸೌಕರ್ಯವಿತ್ತು. ಅಪ್ಪ ಕೂತ ಅರ್ಧ ಗಂಟೆಯಲ್ಲಿ ಒಂದು ಪುಟ ಹೊಡೆದು ಮುಗಿಸಿದರು. ಕೀಲಿಗಳು ತುಂಬ ಮೆತ್ತಗೆ ಎಂಬುದೊಂದೇ ಅವರ ದೂರು. ಆದರೆ ಹೊಡೆದದ್ದನ್ನು ಕಳಿಸುವುದು ಹೇಗೆ? ಫೋನಿನ ತಂತಿಯನ್ನೇ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದೆವು. ಅದು ಕಿರ್ರೆಂದು ಕೂಗಿ, ಗೊರಗೊರ ಎಂದು, ಸಂಪರ್ಕ ಸಿಕ್ಕಿತು ಎನ್ನುವಷ್ಟರಲ್ಲಿ ಕಡಿದುಹೋಗುತ್ತಿತ್ತು. ಗಾಳಿ ಬೀಸಿದರೆ ಅದೂ ಇಲ್ಲ. ಕೊನೆಗೆ ಶನಿವಾರ ಮಧ್ಯಾಹ್ನ ನಾನು ಮೈಸೂರಿಗೆ ಹೋಗಿ ಸೈಬರ್ ಕೆಫೆಯಿಂದ ಕಳಿಸಿ ಬರುವುದೆಂದಾಯಿತು. ಅಂದರೆ ಮತ್ತೆ ವಾರಕ್ಕೊಂದು ಕಾಗದ.

ಪಟ್ಟಣದಲ್ಲಿ ಬ್ರಾಡ್‌ಬ್ಯಾಂಡ್ ಬಂದಿತ್ತು. ನಮ್ಮ ಹೋಬಳಿಯ ಟೆಲಿಫೋನ್ ಎಕ್ಸ್‌ಚೇಂಜಿಗೂ ಅದರ ಯಂತ್ರ ಬಂದಿದೆ ಎಂದು ಶಾಲೆಯಲ್ಲಿ ಯಾರೋ ಹೇಳಿದರು. ನಾನು ಅರ್ಜಿ ಕೊಟ್ಟೆ. ಹದಿನೈದು ದಿನಕ್ಕೆ ಲೈನ್‌ಮನ್ ಬಂದರು. ಐವತ್ತು ದಾಟಿದ, ಸಣಕಲು ಮೈಯ, ಬಹಳ ಸಂಕೋಚದ ಮನುಷ್ಯ. ಒಳಗೆ ಬಾರದೆ ಮೆಟ್ಟಿಲ ಮೇಲೆ ನಿಂತೇ ಹೇಳಿದರು:

"ಆಗಕಿಲ್ಲ ಕಣ್ರವ್ವಾ. ಎಕ್ಸ್‌ಚೇಂಜಿಂದ ತಂತಿ ದೂರ ಆಯ್ತು ಅಂದ್ರೆ ಇದು ಇಡಿಯಾಕಿಲ್ಲ. ನಿಮ್ದು ವಸಿ ಜಾಸ್ತಿನೇ ಆಗೋಯ್ತದೆ."

"ಎಕ್ಸ್‌ಚೇಂಜ್ ಇರೋ ಊರು ಅಗೋ ಅಲ್ಲಿ ಕಾಣತ್ತಲ್ಲಾ?" ಎಂದೆ.

"ಕಣ್ಣಿಗೆ ಅತ್ರ ಕಣವ್ವಾ. ತಂತಿಗೆ ದೂರ."

ಅಪ್ಪ ಒಳಗಿನಿಂದ ಕೇಳಿಸಿಕೊಂಡು ಹೊರಗೆ ಬಂದರು. ನೋಟುಬುಕ್ಕಿನಲ್ಲಿ ಬರೆದರು: "ತಂತಿ ಹೋಗುವ ದಾರಿಯನ್ನು ಖುದ್ದಾಗಿ ನೋಡಬಹುದೇ?" ಲೈನ್‌ಮನ್ ಓದಿ, ಅಪ್ಪನ ಕತ್ತಿನ ಬಟ್ಟೆಯನ್ನು ನೋಡಿ, ನನ್ನ ಮುಖ ನೋಡಿದರು. "ಅದ್ಕೇನಂತೆ, ಬನ್ನಿ ಬುದ್ಧಿ" ಎಂದರು.

ಭಾನುವಾರ ಬೆಳಿಗ್ಗೆ ಮೂವರೂ ಹೊರಟೆವು. ಅಪ್ಪನಿಗೆ ಏರು ದಾರಿಯಲ್ಲಿ ಉಸಿರು ಸಾಲುತ್ತಿರಲಿಲ್ಲ, ನಿಂತು ನಿಂತು ನಡೆದರು. ಕಂಬಗಳ ಸಾಲು ಊರು ಬಿಟ್ಟು ನೇರ ಎಕ್ಸ್‌ಚೇಂಜಿನ ಕಡೆ ಹೋಗಲಿಲ್ಲ. ಅದಕ್ಕೆ ಬೆನ್ನು ಹಾಕಿ ತೆಂಕಲಿಗೆ ತಿರುಗಿ, ಕಬ್ಬಿನ ಗದ್ದೆಗಳ ನಡುವೆ ಸುತ್ತಿ, ಒಂದು ಪಾಳುಬಿದ್ದ ಆಲೆಮನೆಯ ಮುಂದೆ ಹಾದು, ಆಮೇಲೆ ದೊಡ್ಡ ರಸ್ತೆಗೆ ಬಂದು ಸೇರಿತು. ಅಲ್ಲಲ್ಲಿ ಜೋಡಣೆಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿತ್ತು. ಆಲೆಮನೆಯ ಮುಂದೆ ಅಪ್ಪ ನಿಂತು ಬರೆದರು: "ಇಲ್ಲಿಗೆ ಬರಲು ಕಾರಣವೇನು?"

ಲೈನ್‌ಮನ್ ನಕ್ಕರು. "ಈ ಸುತ್ತಿಗೆಲ್ಲಾ ಮೊದ್ಲು ಫೋನ್ ತಗಂಡೋರು ಈ ಆಲೆಮನೆ ಯಜಮಾನ್ರು ಬುದ್ಧಿ. ಬೆಲ್ಲದ ಮಂಡಿ ರೇಟು ಕೇಳಾಕೆ. ನಾನೇ ಕಂಬ ನೆಟ್ಟಿದ್ದು. ಆಮ್ಯಾಲೆ ಊರಿಗೆ ಫೋನ್ ಬೇಕು ಅಂದಾಗ ಇಲ್ಲಿಂದಾನೇ ಎಳ್ದ್ಬುಟ್ರು. ಈಗ ಯಜಮಾನ್ರೂ ಇಲ್ಲ, ಬೆಲ್ಲಾನೂ ಇಲ್ಲ. ತಂತಿ ಮಾತ್ರ ಅಂಗೇ ಸುತ್ಕೊಂಡ್ ಬತ್ತಾ ಅದೆ."

"ನೇರ ಹೋದ್ರೆ?" ಎಂದು ನಾನು ಕೇಳಿದೆ.

ಅವರು ಬಡಗಲ ಕಡೆ ಕೈ ತೋರಿಸಿದರು. ನಾಲೆಯ ಏರಿಯ ಆಚೆ ತೆಂಗಿನ ತೋಟ, ಅದರಾಚೆ ಎಕ್ಸ್‌ಚೇಂಜಿನ ಕೆಂಪು ಬಿಳಿ ಗೋಪುರ. "ಅರ್ಧಕ್ಕರ್ಧ ಉಳೀತದೆ. ಆದ್ರೆ ಅದು ಮಠದ ತೋಟ. ಪಾರುಪತ್ಯದೋರು ಕಂಬ ಊರಾಕೆ ಬುಡಾಕಿಲ್ಲ. ಇಂದೆ ಒಂದ್ ಕಿತ ಕೇಳಿ ಬೈಸ್ಕೊಂಡ್ ಬಂದೀವಿ."

ಮಠ ಚಿಕ್ಕದು. ಸ್ವಾಮಿಗಳು ಹೆಚ್ಚಾಗಿ ಬೇರೆ ಊರಿನ ಮಠದಲ್ಲಿ ಇರುತ್ತಿದ್ದರು. ಇಲ್ಲಿನ ತೋಟ, ದಾಸೋಹ ಎಲ್ಲವನ್ನೂ ಪಾರುಪತ್ಯದ ಹಿರಿಯರೊಬ್ಬರು ನೋಡಿಕೊಳ್ಳುತ್ತಿದ್ದರು. ಆ ಸಂಜೆಯೇ ನಾನು ಅಪ್ಪನೊಂದಿಗೆ ಅಲ್ಲಿಗೆ ಹೋದೆ. ಹಿರಿಯರು ಮರ್ಯಾದೆಯಿಂದ ಚಾಪೆ ಹಾಕಿಸಿ, ಮಜ್ಜಿಗೆ ಕೊಡಿಸಿ, ಕಂಬದ ಮಾತೆತ್ತಿದ ಕೂಡಲೇ ಗಂಭೀರರಾದರು.

"ತಪ್ಪು ತಿಳ್ಕೋಬೇಡಿ ಮೇಡಂ. ಫೋನು ಬೇಡ ಅನ್ನೋನಲ್ಲ ನಾನು. ಇವತ್ತು ಎರಡು ಕಂಬ ಅಂತಾರೆ. ನಾಳೆ ಕಂಬದ ಪಕ್ಕ ದಾರಿ ಅಂತಾರೆ. ನಾಡಿದ್ದು ಈ ಜಾಗ ನಮ್ದು ಅಂತ ಬೋರ್ಡು ಬಂದ್ಬುಡತ್ತೆ. ಮಠದ ಆಸ್ತಿ, ನನ್ನ ಕೈಲಿ ಕೊಟ್ಟಿದ್ದಾರೆ. ನನ್ನ ಕಾಲದಲ್ಲಿ ಹೋಯ್ತು ಅಂತ ಆಗಬಾರದು."

ಅವರ ಭಯ ಸುಳ್ಳೆನ್ನುವಂತಿರಲಿಲ್ಲ. ಅಪ್ಪ ಕೈಮುಗಿದು ಎದ್ದರು. ಮುಗಿಯಿತೆಂದುಕೊಂಡೆ. ಮನೆಗೆ ಬಂದವರೇ ಕಂಪ್ಯೂಟರ್ ಮುಂದೆ ಕೂತರು. ಮಾರನೆಯ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಎರಡು ಪುಟ ಸಿದ್ಧವಾಗಿತ್ತು. ಶಾಲೆಯ ಪ್ರಿಂಟರಿನಲ್ಲಿ ಅಚ್ಚು ಹಾಕಿಸಿ ತಂದೆ.

ಅದು ಮಠಕ್ಕೂ ಟೆಲಿಫೋನ್ ಇಲಾಖೆಗೂ ನಡುವಿನ ಒಂದು ಒಪ್ಪಂದಪತ್ರ. ತೋಟದ ಚಕ್ಕುಬಂದಿ ನಾಲ್ಕು ದಿಕ್ಕಿಗೂ ಇತ್ತು. ಕಂಬಗಳು ಬೇಲಿಯ ಸಾಲಿನಲ್ಲೇ ಬರತಕ್ಕದ್ದು. ಕಂಬ ನೆಟ್ಟ ಮಾತ್ರಕ್ಕೆ ನೆಲದ ಮೇಲೆ ಯಾರಿಗೂ ಯಾವುದೇ ಹಕ್ಕು ಹುಟ್ಟತಕ್ಕದ್ದಲ್ಲ. ದುರಸ್ತಿಗೆ ಬರುವವರು ಪಾರುಪತ್ಯದವರಿಗೆ ತಿಳಿಸಿ ಬರತಕ್ಕದ್ದು, ಎಳನೀರಿಗೆ ಕೈ ಹಾಕತಕ್ಕದ್ದಲ್ಲ. ಮಠಕ್ಕೆ ಬೇಡವೆನಿಸಿದ ದಿನ ಮೂರು ತಿಂಗಳ ಮುಂಚೆ ತಿಳಿಸಿದರೆ ಕಂಬಗಳನ್ನು ಸ್ವಂತ ಖರ್ಚಿನಲ್ಲಿ ಕಿತ್ತುಕೊಂಡು ಹೋಗತಕ್ಕದ್ದು.

ಹಿರಿಯರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಎಳನೀರಿನ ಸಾಲು ಬಂದಾಗ ಮೀಸೆಯಲ್ಲೇ ನಕ್ಕರು. "ನನ್ನ ಮನಸ್ಸಲ್ಲಿ ಇದ್ದ ಭಯಾನೆಲ್ಲ ಒಂದೊಂದಾಗಿ ಎತ್ತಿ ಬರೆದ್ಬುಟ್ಟಿದ್ದೀರಲ್ಲ" ಎಂದರು. ಅಪ್ಪನನ್ನು ನೋಡಿ, "ತಮ್ಮ ಕಸುಬು ಇದೇನಾ?" ಎಂದು ಕೇಳಿದರು. ಅಪ್ಪ ಹೌದೆಂದು ತಲೆಯಾಡಿಸಿದರು. "ಸ್ವಾಮಿಗಳಿಗೆ ತೋರಿಸ್ತೀನಿ."

ಸ್ವಾಮಿಗಳು ಒಪ್ಪಿದರು. ಎಕ್ಸ್‌ಚೇಂಜಿನ ಅಧಿಕಾರಿಯನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. ಇಂಥ ಕಾಗದಕ್ಕೆ ಸಹಿ ಹಾಕುವ ಪದ್ಧತಿಯೇ ತಮ್ಮಲ್ಲಿ ಇಲ್ಲ ಎಂದು ಅವರು ಮೇಲಿನವರಿಗೆ ಕಳಿಸಿದರು. ನಾನು ನಾಲ್ಕು ತಿಂಗಳು ಅಲೆದೆ. ಲೈನ್‌ಮನ್ ಮಾತ್ರ ಕೈಬಿಡಲಿಲ್ಲ. ಹೋದಾಗೆಲ್ಲ, "ಪೈಲು ಮೈಸೂರಲ್ಲದೆ ಕಣವ್ವಾ, ವಸಿ ತಡೀರಿ" ಎನ್ನುತ್ತಿದ್ದರು. ಕೊನೆಗೊಂದು ದಿನ ಆ ಪೈಲು ಸಹಿಯಾಗಿ ಬಂತು. ಹೊಸ ಕಂಬ ಸಿಗುವುದು ತಡವಾಗುತ್ತದೆಂದು ಆಲೆಮನೆಯ ಹತ್ತಿರದ ಹಳೆಯ ಕಂಬಗಳನ್ನೇ ಕಿತ್ತು ತಂದು ಬೇಲಿಯ ಸಾಲಿಗೆ ನೆಟ್ಟರು. ತಂತಿ ಎಳೆದ ದಿನ ಪಾರುಪತ್ಯದವರು ಬೆಳಿಗ್ಗೆಯಿಂದ ಸಂಜೆಯವರೆಗೆ ಕೊಡೆ ಹಿಡಿದು ತೋಟದಲ್ಲೇ ನಿಂತಿದ್ದು, ಕೆಲಸ ಮುಗಿದ ಮೇಲೆ ತಾವೇ ಎಲ್ಲರಿಗೂ ಎಳನೀರು ಕೆಡವಿಸಿದರು.

ಮೋಡೆಮ್‌ನಲ್ಲಿ ಸಾಲಾಗಿ ನಾಲ್ಕು ಹಸಿರು ದೀಪಗಳಿದ್ದವು. ಎರಡನೆಯದು ಮಿಣುಕುವುದು ನಿಂತು ಸ್ಥಿರವಾದರೆ ಬ್ರಾಡ್‌ಬ್ಯಾಂಡ್ ಬಂತೆಂದು ಅರ್ಥ. ಲೈನ್‌ಮನ್ ಅವತ್ತು ಮೊದಲ ಸಲ ಮನೆಯೊಳಗೆ ಬಂದು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ದೀಪ ಮಿಣುಕಿತು, ಮಿಣುಕುತ್ತಲೇ ಇತ್ತು, ಆಮೇಲೆ ಸುಮ್ಮನೆ ಉರಿಯತೊಡಗಿತು. "ಇಡೀತು ಬುದ್ಧಿ" ಎಂದು ಅವರು ಅಪ್ಪನ ಮೊಣಕಾಲು ತಟ್ಟಿದರು.

ಅಪ್ಪ ಮೊದಲ ಮಿಂಚಂಚೆ ಕಳಿಸಿದ ಹತ್ತು ನಿಮಿಷಕ್ಕೆ ಫೋನ್ ಬಂತು. ನಾನು ಎತ್ತಿದೆ. ಅಂಕಲ್ ಬಿದ್ದು ಬಿದ್ದು ನಗುತ್ತಿದ್ದರು. "ಏನಮ್ಮಾ ಇದು ನಿಮ್ಮಪ್ಪ ಕಳಿಸಿರೋದು? ಸ್ಕ್ರೀನ್ ತುಂಬಾ ಸೊಳ್ಳೆ ಹೊಡೆದು ಹಾಕಿದ ಹಾಗಿದೆ!" ನಮ್ಮ ಕಂಪ್ಯೂಟರಿನ ಕನ್ನಡ ಅಕ್ಷರಗಳಿಗೂ ಅವರ ಅಂಗಡಿಯ ಹೊಸ ಕಂಪ್ಯೂಟರಿನ ಕನ್ನಡಕ್ಕೂ ಹೊಂದಾಣಿಕೆ ಇರಲಿಲ್ಲ. ಅವರ ಮಗಳು ಫೋನಿನಲ್ಲೇ ಹೇಳಿಕೊಟ್ಟಂತೆ ನಮ್ಮ ಫಾಂಟನ್ನೂ ಲಗತ್ತಿಸಿ ಕಳಿಸಿದೆವು. ಅಪ್ಪ ಕುರ್ಚಿ ಬಿಟ್ಟೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು: "ಈಗ ಓದೋಕೆ ಆಗ್ತಿದೆ. ಹೇಳಯ್ಯಾ."

ಅಪ್ಪ ಏನು ಬರೆದರೆಂದು ಅವತ್ತು ನಾನು ನೋಡಲಿಲ್ಲ. ಹಿಂದೆ ನಿಂತಿದ್ದವಳಿಗೆ ಕೈಬೀಸಿ ಆಚೆ ಹೋಗೆಂದರು. ಬಹಳ ದಿನಗಳ ಮೇಲೆ ಅಂಕಲ್‌ರೇ ನನಗೆ ತೋರಿಸಿದರು. ಅದರಲ್ಲಿ ಸದರಿಯೂ ಇರಲಿಲ್ಲ, ಮೇಲ್ಕಂಡವೂ ಇರಲಿಲ್ಲ. "ಒಳಗೆ ಹೆಂಗಿದ್ದೀಯಾ ಅಂತ ನೀನು ಕೇಳಿದ್ದೆ ಅಲ್ಲವೇನೋ. ಭಯ ಆಗತ್ತೆ ಕಣೋ. ಮಗಳು ಶಾಲೆಗೆ ಹೋದಾಗ ಬಿದ್ದರೆ ಕೂಗೋಕೆ ಆಗಲ್ಲ ಅಂತ ಭಯ. ಅವಳಿಗೆ ಹೇಳಬೇಡ" ಎಂದಷ್ಟೇ ಇತ್ತು. ಅದನ್ನು ಓದಿದಾಗ ನನಗೆ ಒಂದು ವಿಷಯ ಅರ್ಥವಾಯಿತು. ಬ್ರಾಡ್‌ಬ್ಯಾಂಡ್ ಬಂದ ವಾರವೇ ಪಕ್ಕದ ಮನೆಯಾಕೆ ದಿನಾ ಹನ್ನೊಂದು ಗಂಟೆಗೆ ಬಂದು ನಮ್ಮ ಕಿಟಕಿಯಲ್ಲಿ ಇಣುಕಿ ಹೋಗತೊಡಗಿದ್ದಳು. ಅಂಕಲ್ ನನಗೆ ಹೇಳಿರಲಿಲ್ಲ, ಅವಳಿಗೆ ಫೋನ್ ಮಾಡಿ ಕೇಳಿಕೊಂಡಿದ್ದರು.

ಆಮೇಲಿನ ಎರಡು ವರ್ಷ ಆ ಇಬ್ಬರೂ ದಿನವಿಡೀ ಬರೆದುಕೊಂಡರು. ಆಂಟಿಗೆ ಗಂಜಿ ಕುಡಿಸಿ ಅಂಕಲ್ ಒಂದು ಸಾಲು ಕಳಿಸುವುದು, ಅಪ್ಪ ಕಾಫಿ ಲೋಟ ಹಿಡಿದೇ ಉತ್ತರ ಹೊಡೆಯುವುದು. ರಸಬಾಳೆಯ ವಿಷಯ ಮತ್ತೆ ಶುರುವಾಯಿತು. ಊರವರೂ ಬಂದರು. ವಿದ್ಯಾರ್ಥಿವೇತನದ ಅರ್ಜಿ ಎಂದೋ, ಪರೀಕ್ಷೆಯ ಫಲಿತಾಂಶವೆಂದೋ ಬಂದವರಿಗೆ ಅಪ್ಪ ಕೂತು ಮಾಡಿಕೊಡುತ್ತಿದ್ದರು. ಅವರು ಹೇಳುವುದು, ಇವರು ಬರೆಯುವುದು. ಅಲ್ಲಿ ಅಪ್ಪ ಮಾತಾಡಬೇಕಾದ ಅಗತ್ಯವೇ ಬೀಳುತ್ತಿರಲಿಲ್ಲ.

ಆಂಟಿ ಒಂದು ಶುಕ್ರವಾರ ಬೆಳಿಗ್ಗೆ ತೀರಿಕೊಂಡರು. ಅಂಕಲ್ ಬರೆದ ಮಿಂಚಂಚೆಯಲ್ಲಿ ಎರಡೇ ಪದ: "ಹೋದಳು. ಬಾ." ನಾನು ಶಾಲೆಗೆ ರಜೆ ಹಾಕಿ ಅಪ್ಪನನ್ನು ಕರೆದುಕೊಂಡು ಹೋದೆ. ಚರ್ಚಿನಲ್ಲಿ ಧೂಪದ ಹೊಗೆಯೆಂದು ಅಪ್ಪ ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕ ಕೂತರು. ಪೂಜೆ ನಡೆಯುವಾಗ ಅಂಕಲ್ ಮೊದಲ ಸಾಲಿನಿಂದ ಎದ್ದು, ಎಲ್ಲರ ಮುಂದೆಯೇ ನಡೆದು ಬಂದು ಅಪ್ಪನ ಪಕ್ಕದಲ್ಲಿ ಕೂತುಬಿಟ್ಟರು. ಪಾದ್ರಿಗಳು ಒಂದು ಕ್ಷಣ ನೋಡಿ, ಓದುವುದನ್ನು ಮುಂದುವರಿಸಿದರು.

ತಿಂಗಳಾದ ಮೇಲೆ ಅಂಕಲ್ ನಮ್ಮೂರಿಗೆ ಬಂದು ಹದಿನೈದು ದಿನ ಇದ್ದರು. ಆ ನಡುವೆ ಅಪ್ಪನ ತಪಾಸಣೆಯ ದಿನ ಬಂತು. ಮೂವರೂ ಮೈಸೂರಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ಒಂದು ಸಣ್ಣ ಯಂತ್ರ ತೆಗೆದರು. ಟಾರ್ಚಿನ ಹಾಗಿತ್ತು. ಅದನ್ನು ಕತ್ತಿಗೆ ಒತ್ತಿ, ಗುಂಡಿ ಅದುಮಿ, ತುಟಿ ಆಡಿಸಿದರೆ ಮಾತು ಬರುತ್ತದೆಂದರು. ಅಪ್ಪ ಒತ್ತಿಕೊಂಡು ತುಟಿ ಆಡಿಸಿದರು. "ಊಟ ಆಯ್ತಾ" ಎಂದು ಜೀರುಂಡೆಯಂಥ ಒಂದೇ ಸಮನೆಯ ಸದ್ದು ಬಂತು. ಅಂಕಲ್ ಬೆಚ್ಚಿ, "ಯಾರಯ್ಯಾ ಇದು!" ಎಂದುಬಿಟ್ಟರು.

ಅಪ್ಪ ಯಂತ್ರವನ್ನು ಮೇಜಿನ ಮೇಲಿಟ್ಟು ಬರೆದರು: "ಇದು ನನ್ನ ದನಿಯಲ್ಲ. ಬೇಡ." ನನಗೆ ಅಳು ಬಂತು. "ಅಪ್ಪಾ, ನಾನಿಲ್ಲದಾಗ ಏನಾದ್ರೂ ಆದ್ರೆ ಕೂಗೋಕಾದ್ರೂ ಇರಲಿ. ನನಗೋಸ್ಕರ ತಗೊಳ್ಳಿ" ಎಂದೆ. ಗುಟ್ಟು ಬಿಟ್ಟುಕೊಟ್ಟೆಯಾ ಎಂಬಂತೆ ಅಪ್ಪ ಅಂಕಲ್‌ರತ್ತ ತಿರುಗಿ ದುರುಗುಟ್ಟಿ ನೋಡಿದರು. ಅಂಕಲ್ ಕಿಟಕಿಯ ಆಚೆ ನೋಡುತ್ತಾ ಕೂತರು. ಕೊನೆಗೆ ಅಪ್ಪ ಯಂತ್ರವನ್ನೆತ್ತಿ ಜೇಬಿಗೆ ಹಾಕಿಕೊಂಡರು.

ಸಂಜೆಯ ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ನಾನು ಹಿಂದೆ ಸಿಕ್ಕಿಹಾಕಿಕೊಂಡಿದ್ದೆ, ಹೊರಗೇನೂ ಕಾಣುತ್ತಿರಲಿಲ್ಲ. ಅವರಿಬ್ಬರೂ ಮುಂದೆ ನಿಂತಿದ್ದರು. ನಮ್ಮೂರ ಸ್ಟಾಪು ಬಂದರೂ ಕಂಡಕ್ಟರು ನೋಡದೆ ಟಿಕೆಟ್ ಹರಿಯುತ್ತಿದ್ದ. ಅಂಕಲ್‌ಗೆ ಊರು ಹೊಸದು, ಸ್ಟಾಪು ಗೊತ್ತಾಗಲಿಲ್ಲ. ಅಷ್ಟರಲ್ಲಿ ಅಪ್ಪ ಜೇಬಿಗೆ ಕೈಹಾಕಿ, ಯಂತ್ರವನ್ನು ಕತ್ತಿಗೆ ಒತ್ತಿ ಹಿಡಿದು, "ಹೋಲ್ಡಾನ್!" ಎಂದರು. ಬಸ್ಸಿನ ಜನರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಡ್ರೈವರ್ ಬ್ರೇಕ್ ಹಾಕಿದ. ನಾನು ಜನರ ನಡುವೆ ನುಗ್ಗಿಕೊಂಡು ಕೆಳಗಿಳಿಯುವಷ್ಟರಲ್ಲಿ ಅಂಕಲ್ ರಸ್ತೆಬದಿಯ ಕಲ್ಲಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಪ್ಪನ ಭುಜಗಳೂ ಕುಣಿಯುತ್ತಿದ್ದವು.